ಡೈರಿಯ ಲ್ಯಾಪ್‌ಟಾಪಿಗೆ ಕಾಯಿಲೆ ಬಂದಾಗ: ಹಾರ್ಡ್ ಡಿಸ್ಕ್ ಕೆಡುವ ಲಕ್ಷಣ ಗುರುತಿಸುವುದು ಹೇಗೆ?



ಕೆಚ್ಚಲು ಬಾವು, ಉಣ್ಣೆ ಕಾಟ, ಗರ್ಭ ನಿಲ್ಲದಿರುವುದು ಇಂಥ ವಿಷಯ ಬರೆಯಬೇಕಾದ ಪಶುವೈದ್ಯಾಧಿಕಾರಿ ಈ ಸಲ ಕಂಪ್ಯೂಟರ್ ವಿಷಯ ಹಿಡಿದುಕೊಂಡಿದ್ದೇಕೆ ಎಂದು ನೀವು ಕೇಳಬಹುದು. ಕಾರಣ ಸರಳ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಸಂಘಗಳಿಗೆ ಹೋದಾಗ, ಅದರಲ್ಲೂ ಮಳೆಗಾಲದಲ್ಲಿ, "ಡಾಕ್ಟ್ರೇ, ಆಕಳು ನೋಡಿ ಆದ್ಮೇಲೆ ಈ ಲ್ಯಾಪ್‌ಟಾಪೂ ಒಂಚೂರು ನೋಡಿ ಹೋಗಿ" ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಒಂದು ಮನೆಯ ಆಕಳಿಗೆ ಕಾಯಿಲೆ ಬಂದರೆ ನಷ್ಟ ಆ ಮನೆಗೆ. ಸಂಘದ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟರೆ ತೊಂದರೆ ಹಾಲು ಹಾಕುವ ಎಲ್ಲ ಮನೆಗಳಿಗೆ. ಆದ್ದರಿಂದ ಇದು ಕಾರ್ಯದರ್ಶಿಯೊಬ್ಬರ ತಲೆನೋವಲ್ಲ, ಪ್ರತಿ ಸದಸ್ಯೆಯೂ ತಿಳಿದಿರಬೇಕಾದ ವಿಷಯ.

ಅದರೊಳಗೆ ನಿಮ್ಮದು ಏನಿದೆ?

ಬೆಳಿಗ್ಗೆ ಮತ್ತು ಸಂಜೆ ನೀವು ಕ್ಯಾನು ಹಿಡಿದು ಡೈರಿಗೆ ಬರುತ್ತೀರಿ. ಹಾಲು ತೂಗುತ್ತಾರೆ, ಫ್ಯಾಟ್ ನೋಡುತ್ತಾರೆ, ಚೀಟಿ ಕೊಡುತ್ತಾರೆ. ಆ ಚೀಟಿಯಲ್ಲಿರುವ ಅಂಕಿಯೆಲ್ಲ ಲ್ಯಾಪ್‌ಟಾಪಿನಲ್ಲಿ ಜಮಾ ಆಗುತ್ತದೆ. ನಿಮ್ಮ ಬಟವಾಡೆ ಲೆಕ್ಕ ಅದರಿಂದಲೇ. ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನ ನಿಮ್ಮ ಬ್ಯಾಂಕ್ ಖಾತೆಗೆ ಬರಬೇಕಾದರೂ, ಯಾರು ಎಷ್ಟು ಲೀಟರ್ ಹಾಕಿದರು ಎಂಬ ಪಟ್ಟಿ ಸಂಘದಿಂದಲೇ ಹೋಗಬೇಕು. ವರ್ಷದ ಕೊನೆಯ ಬೋನಸ್, ಸಂಘದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಎರಡೂ ನೀವು ಹಾಕಿದ ಹಾಲಿನ ಲೆಕ್ಕದ ಮೇಲೆ ನಿಂತಿವೆ. ಹೈನುಗಾರಿಕೆಗೆ ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಸಂಘಕ್ಕೆ ಹಾಲು ಹಾಕಿದ ದಾಖಲೆ ನಿಮ್ಮ ಪರ ಮಾತಾಡುತ್ತದೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಜಾಗ, ಮನೆ, ಗದ್ದೆಯ ಪಹಣಿ ಗಂಡಸರ ಹೆಸರಿನಲ್ಲಿರುತ್ತದೆ. ಹೆಂಗಸರು ತಮ್ಮ ಹೆಸರಿನಲ್ಲೇ ದುಡಿದದ್ದಕ್ಕೆ ಇರುವ ದೊಡ್ಡ ದಾಖಲೆ ಡೈರಿಯ ಈ ಲೆಕ್ಕ. ಇದರ ಜೊತೆಗೆ ಕೃತಕ ಗರ್ಭಧಾರಣೆಯ ದಿನಾಂಕ, ಆಕಳ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ವಿಮೆಯ ವಿವರ, ಹಿಂಡಿ ಸಾಲದ ಲೆಕ್ಕವನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ಇಡುವ ಸಂಘಗಳಿವೆ. ಇಷ್ಟೆಲ್ಲ ಇರುವುದು ಅಂಗೈ ಅಗಲದ ಒಂದು ಡಬ್ಬಿಯೊಳಗೆ.

ಹಾರ್ಡ್ ಡಿಸ್ಕ್ ಒಳಗೆ ಏನಾಗುತ್ತದೆ?

ಆ ಡಬ್ಬಿಯೊಳಗೆ ಕನ್ನಡಿಯಂತೆ ಹೊಳೆಯುವ ದುಂಡು ತಟ್ಟೆಗಳಿರುತ್ತವೆ. ಹೆಚ್ಚಿನ ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಈ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ, ಬರೆಯುವ ಸಣ್ಣ ಮುಳ್ಳು ತಟ್ಟೆಗೆ ತಾಗದಂತೆ ತೇಲುತ್ತಿರುತ್ತದೆ. ಮುಳ್ಳಿಗೂ ತಟ್ಟೆಗೂ ನಡುವಿನ ಜಾಗ ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತಿರುಗುವಾಗ ಜೋರಾಗಿ ಅಲುಗಿದರೆ ಮುಳ್ಳು ತಟ್ಟೆಗೆ ಗೀರು ಹಾಕಬಹುದು. ಗೀರು ಬಿದ್ದ ಜಾಗದ ಅಕ್ಷರ ಮತ್ತೆ ಓದಲು ಸಿಗುವುದಿಲ್ಲ.

ಈಚಿನ ಲ್ಯಾಪ್‌ಟಾಪುಗಳಲ್ಲಿ ಎಸ್.ಎಸ್.ಡಿ. ಎಂಬ ಬೇರೆ ಬಗೆಯ ಡಿಸ್ಕ್ ಇರುತ್ತದೆ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಚಿಪ್ ಮಾತ್ರ. ಅಲುಗಾಟವನ್ನು ಅದು ಹೆಚ್ಚು ತಡೆಯುತ್ತದೆ, ವೇಗವೂ ಜಾಸ್ತಿ. ಆದರೆ ಅದಕ್ಕೂ ಸಾವಿದೆ. ಕೆಡುವಾಗ ಸದ್ದು ಮಾಡುವುದಿಲ್ಲ, ಒಮ್ಮೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಬಿಡುತ್ತದೆ.

ನಮ್ಮ ಊರಿನ ತೊಂದರೆಗಳು

ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಕರಾವಳಿ ನಮ್ಮದು. ಗೋಡೆಯೇ ಬೆವರುವ ತಿಂಗಳುಗಳಲ್ಲಿ ಲ್ಯಾಪ್‌ಟಾಪೂ ತೇವ ಹೀರುತ್ತದೆ, ಉಪ್ಪು ಗಾಳಿಗೆ ಒಳಗಿನ ಸಂಪರ್ಕದ ತುದಿಗಳು ಕಿಲುಬು ಹಿಡಿಯುತ್ತವೆ. ಬೇಸಿಗೆ ಕೊನೆಯ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಎಷ್ಟೋ ಸಂಘಗಳಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ, ಚಾರ್ಜರ್ ಮೇಲೆಯೇ ನಡೆಯುತ್ತಿರುತ್ತದೆ. ಲೆಕ್ಕ ಬರೆಯುತ್ತಿರುವ ಗಳಿಗೆಯಲ್ಲೇ ಕರೆಂಟ್ ಹೋದರೆ ಆ ಫೈಲು ಅರ್ಧ ಬರೆದ ಪತ್ರದಂತೆ ಉಳಿಯುತ್ತದೆ. ಇನ್ನು ಕೆಲವರು ಲ್ಯಾಪ್‌ಟಾಪ್ ಪೂರ್ತಿ ಬಂದ್ ಮಾಡದೆ, ಮುಚ್ಚಳ ಮಾತ್ರ ಮುಚ್ಚಿ, ಸ್ಕೂಟಿಯಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ಒಳಗೆ ತಟ್ಟೆ ಇನ್ನೂ ತಿರುಗುತ್ತಿದ್ದರೆ ದಾರಿಯ ಒಂದೊಂದು ಹೊಂಡವೂ ಅದಕ್ಕೆ ಪೆಟ್ಟು.

ಕಾಯಿಲೆಯ ಲಕ್ಷಣಗಳು

ಆಕಳು ಮೇವು ಬಿಟ್ಟರೆ, ಮೆಲುಕು ಹಾಕದಿದ್ದರೆ ನೀವು ತಕ್ಷಣ ಗಮನಿಸುತ್ತೀರಿ. ಹಾರ್ಡ್ ಡಿಸ್ಕ್ ಕೂಡ ಹಾಗೆಯೇ ಕೆಲವು ಲಕ್ಷಣ ತೋರಿಸುತ್ತದೆ.

1. ನಿಧಾನ: ನಿನ್ನೆವರೆಗೆ ಎರಡು ನಿಮಿಷಕ್ಕೆ ತೆರೆಯುತ್ತಿದ್ದ ಯಂತ್ರ ಇಂದು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಒಂದು ಫೈಲು ತೆರೆಯಲು ಹೋದರೆ ಇಡೀ ಪರದೆ ಸ್ತಬ್ಧವಾಗುತ್ತದೆ.

2. ಸದ್ದು: "ಟಕ್... ಟಕ್... ಟಕ್" ಎಂದು ಒಂದೇ ತಾಳದಲ್ಲಿ ಬಡಿಯುವ ಶಬ್ದ, ಅಥವಾ ಕೊರೆಯುವಂಥ ಶಬ್ದ. ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ.

3. ಫೈಲು ಕೆಡುವುದು: ಇದ್ದ ಫೈಲು ಕಾಣೆಯಾಗುತ್ತದೆ, ಹೆಸರು ವಿಚಿತ್ರ ಅಕ್ಷರಗಳಾಗುತ್ತದೆ, ತೆರೆದರೆ ಓದಲು ಆಗುವುದಿಲ್ಲ ಎನ್ನುತ್ತದೆ.

4. ಪ್ರತಿ ಸಲ ಡಿಸ್ಕ್ ತಪಾಸಣೆ: ಯಂತ್ರ ಶುರುವಾದಾಗಲೆಲ್ಲ ತಾನಾಗಿಯೇ ಡಿಸ್ಕ್ ಪರೀಕ್ಷಿಸಲು ಕೂರುತ್ತದೆ.

5. ಡಿಸ್ಕ್ ಸಿಗುತ್ತಿಲ್ಲ ಎಂಬ ಸಂದೇಶ: ಶುರುವಾಗುವಾಗ ಕಪ್ಪು ಪರದೆಯ ಮೇಲೆ ಬೂಟ್ ಮಾಡುವ ಸಾಧನ ಇಲ್ಲ ಎಂದೋ, ಡಿಸ್ಕ್ ಸದ್ಯದಲ್ಲೇ ಕೆಡಬಹುದು ಎಂದೋ ಇಂಗ್ಲಿಷಿನಲ್ಲಿ ಬರುತ್ತದೆ. ಒಮ್ಮೆ ಬಂದು, ಮರುದಿನ ಸರಿಯಾಯಿತು ಎಂದು ಸುಮ್ಮನಿರಬೇಡಿ. ಆ ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಹಾಗೆ ಕಾಣುವ ಬೇರೆ ಕಾಯಿಲೆಗಳೂ ಇವೆ

ಜ್ವರ ಬಂದ ಆಕಳಿಗೆಲ್ಲ ಒಂದೇ ರೋಗ ಇರುವುದಿಲ್ಲ. ಹಾಗೆಯೇ ನಿಧಾನವಾದ ಲ್ಯಾಪ್‌ಟಾಪಿನಲ್ಲೆಲ್ಲ ಡಿಸ್ಕೇ ಕೆಟ್ಟಿರುತ್ತದೆ ಎಂದಲ್ಲ.

ಫ್ಯಾನು ಜೋರಾಗಿ ಕೂಗಿ, ತಳ ಬಿಸಿಯಾಗಿ, ಅರ್ಧ ಗಂಟೆಯಲ್ಲಿ ತಾನೇ ಬಂದ್ ಆದರೆ ಒಳಗೆ ಧೂಳು ಕಟ್ಟಿದೆ ಎಂದು ಮೊದಲು ಅನುಮಾನಿಸಿ. ಚಾರ್ಜರ್ ವೈರು ಅಲುಗಿಸಿದಾಗ ಆರಿಹೋದರೆ ಚಾರ್ಜರ್ ಅಥವಾ ಬ್ಯಾಟರಿ ನೋಡಿಸಿ. ಶುರು ಮಾಡುವಾಗ ಪೀಂ ಪೀಂ ಎಂದು ಕೂಗಿ ಪರದೆ ಬಾರದಿದ್ದರೆ ರ‍್ಯಾಮ್ ತೊಂದರೆ ಇರಬಹುದು. ಇಂಟರ್ನೆಟ್ ಹಾಕಿದಾಗ ಮಾತ್ರ ನಿಧಾನವಾದರೆ ವಿಂಡೋಸ್ ಅಪ್‌ಡೇಟ್ ಅಥವಾ ವೈರಸ್ ಇದ್ದೀತು.

ಬೇರೆ ಮಾಡಿ ನೋಡಲು ರಿಪೇರಿಯವರು ಬಳಸುವ ಒಂದು ಉಪಾಯವಿದೆ. ಲಿನಕ್ಸ್ ಇರುವ ಪೆನ್ ಡ್ರೈವ್ ಹಾಕಿ, ಡಿಸ್ಕ್ ಮುಟ್ಟದೆ ಅದರಿಂದಲೇ ಯಂತ್ರ ಶುರು ಮಾಡುತ್ತಾರೆ. ಆಗ ಎಲ್ಲವೂ ಸರಾಗವಾಗಿ ನಡೆದು, ಡಿಸ್ಕಿನ ಫೈಲು ತೆರೆಯಲು ಹೋದಾಗ ಮಾತ್ರ ತಡವರಿಸಿದರೆ, ಡಿಸ್ಕ್ ಅಥವಾ ಅದರ ಕೇಬಲ್ ಮೇಲೆ ಸಂಶಯ ಗಟ್ಟಿಯಾಗುತ್ತದೆ.

ಪತ್ತೆಗಿಂತ ಮೊದಲು ನಕಲು

ಈ ಲೇಖನದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಡಿಸ್ಕ್ ಮೇಲೆ ಸಂಶಯ ಬಂದ ಕೂಡಲೆ ಮಾಡಬೇಕಾದ ಮೊದಲ ಕೆಲಸ ಪರೀಕ್ಷೆಯಲ್ಲ, ರಿಪೇರಿಯೂ ಅಲ್ಲ. ಒಳಗಿರುವ ಲೆಕ್ಕವನ್ನು ಹೊರಗೆ ನಕಲು ಮಾಡಿಕೊಳ್ಳುವುದು. ಡಿಸ್ಕ್ ಪೇಟೆಯಲ್ಲಿ ಹೊಸದು ಸಿಗುತ್ತದೆ, ನಿಮ್ಮ ಹಾಲಿನ ಲೆಕ್ಕ ಸಿಗುವುದಿಲ್ಲ.

ಹೊನ್ನಾವರ ತಾಲ್ಲೂಕಿನ ಒಂದು ಮಹಿಳಾ ಸಂಘದಲ್ಲಿ ಲ್ಯಾಪ್‌ಟಾಪ್ ವಾರದಿಂದ ನಿಧಾನವಾಗಿತ್ತು. ತಿಳಿದವರೊಬ್ಬರು ಬಂದು, ಡಿಸ್ಕಿನ ಮೂಲೆ ಮೂಲೆ ಓದಿ ಸರಿಮಾಡುವ ಚೆಕ್ ಡಿಸ್ಕ್ ಎಂಬ ತಪಾಸಣೆ ಹಚ್ಚಿ, ರಾತ್ರಿ ಇಡೀ ಬಿಟ್ಟು ಹೋದರು. ಬೆಳಿಗ್ಗೆ ನೋಡಿದರೆ ಡಿಸ್ಕ್ ಏಳಲೇ ಇಲ್ಲ. ದುರ್ಬಲ ಡಿಸ್ಕನ್ನು ಅಷ್ಟು ಹೊತ್ತು ಓಡಿಸುವುದು, ಕರು ಅಡ್ಡ ಸಿಕ್ಕಿಕೊಂಡಾಗ ನಾಲ್ಕು ಜನ ಸೇರಿ ಹಗ್ಗ ಹಾಕಿ ಎಳೆದಂತೆ. ಎಳೆದವರ ಮನಸ್ಸು ಒಳ್ಳೆಯದೇ, ಆದರೆ ತಾಯಿ, ಕರು ಎರಡಕ್ಕೂ ಅಪಾಯ.

ಆ ಸಂಘದ ಪುಣ್ಯಕ್ಕೆ ಕಾರ್ಯದರ್ಶಿ ಅಕ್ಕ ಕೈಬರಹದ ದಿನವಹಿ ಬಿಟ್ಟಿರಲಿಲ್ಲ, ಹೆಚ್ಚಿನ ಸದಸ್ಯೆಯರು ಚೀಟಿಯನ್ನೂ ಇಟ್ಟುಕೊಂಡಿದ್ದರು. ನಾಲ್ಕೈದು ಮಂದಿ ಕೂತು ಚೀಟಿ ನೋಡಿ ಹೇಳುತ್ತ, ಒಬ್ಬರು ಬರೆದುಕೊಳ್ಳುತ್ತ ಲೆಕ್ಕ ಕೂಡಿಸಿದರು. ಬಟವಾಡೆ ತಡವಾಯಿತು, ಆದರೆ ಯಾರ ಹಾಲಿನ ದುಡ್ಡೂ ಹೋಗಲಿಲ್ಲ. ಹಿಂದಿನ ವರ್ಷಗಳ ಗರ್ಭಧಾರಣೆ ದಾಖಲೆ ಮಾತ್ರ ಹೋಯಿತು. ಯಾವ ಆಕಳು ಎಷ್ಟು ಸಲ ತಿರುಗಿ ಬೆದೆಗೆ ಬಂದಿದೆ ಎಂಬುದನ್ನು ಈಗ ಮನೆಯವರ ನೆನಪಿನಿಂದಲೇ ಕೇಳಿ ತಿಳಿಯಬೇಕು.

ನಕಲು ಮಾಡುವ ಕ್ರಮ ಹೀಗಿರಲಿ:

• ಲ್ಯಾಪ್‌ಟಾಪಿನಲ್ಲಿ ಹೊಸ ಲೆಕ್ಕ ಬರೆಯುವುದನ್ನು ನಿಲ್ಲಿಸಿ. ಹಾಲು ಸಂಗ್ರಹ ನಿಲ್ಲಬೇಕಿಲ್ಲ, ಆ ಹೊತ್ತಿನಿಂದ ಪುಸ್ತಕದಲ್ಲಿ ಬರೆಯಿರಿ.

• ಟಕ್ ಟಕ್ ಸದ್ದು ಬರುತ್ತಿದ್ದರೆ ಕೂಡಲೆ ಬಂದ್ ಮಾಡಿ, ಮತ್ತೆ ಮತ್ತೆ ಶುರು ಮಾಡಿ ನೋಡಬೇಡಿ. ಅದು ತಿಳಿದವರ ಕೈಗೆ ಹೋಗಬೇಕು.

• ಸದ್ದಿಲ್ಲದೆ ಬರೀ ನಿಧಾನವಾಗಿದ್ದು, ಯಂತ್ರ ಈಗ ತೆರೆದಿದ್ದರೆ, ಬಂದ್ ಮಾಡುವ ಮೊದಲೇ ನಕಲು ಶುರು ಮಾಡಿ. ಒಮ್ಮೆ ಆರಿದ್ದು ಮತ್ತೆ ಏಳದಿರಬಹುದು.

• ಚಿಕ್ಕದು ಮತ್ತು ಮತ್ತೆ ಸಿಗದಿರುವುದು ಮೊದಲು. ಸಾಫ್ಟ್‌ವೇರ್‌ನ ಬ್ಯಾಕಪ್ ಫೈಲು, ಸದಸ್ಯರ ಪಟ್ಟಿ, ಈ ಬಟವಾಡೆಯ ಲೆಕ್ಕ ಮೊದಲು ತೆಗೆಯಿರಿ. ಆಮೇಲೆ ಹಿಂಡಿ, ಸಾಲದ ಲೆಕ್ಕ, ಗರ್ಭಧಾರಣೆ ಮತ್ತು ವಿಮೆ ದಾಖಲೆ. ವಾರ್ಷಿಕ ಸಭೆಯ ಫೋಟೋ, ವಿಡಿಯೋ ಕೊನೆಗೆ.

• ಒಂದು ಫೈಲಿನಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

• ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆಯೇ ಹೊಸದನ್ನು ಹಾಕಬೇಡಿ. ಕೆಡುತ್ತಿರುವ ಡಿಸ್ಕಿನಿಂದ ತೆಗೆದ ಹೊಸ ನಕಲೇ ಕೆಟ್ಟಿರಬಹುದು. ಎರಡನ್ನೂ ಬೇರೆ ಬೇರೆ ಇಡಿ.

• ನಕಲು ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. "ಡಿ ಡ್ರೈವಿನಲ್ಲಿ ಒಂದು ನಕಲು ಇಟ್ಟಿದ್ದೇನೆ, ಭಯವಿಲ್ಲ" ಎನ್ನುತ್ತಾರೆ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸಿ, ಡಿ ಎಂಬುವು ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆಗೆ ಬೆಂಕಿ ಬಿದ್ದರೆ ಎರಡು ಕೋಣೆಯೂ ಹೋಗುತ್ತದೆ.

ಪರೀಕ್ಷೆ: ಸ್ಮಾರ್ಟ್ ವರದಿ ಓದುವುದು

ಲೆಕ್ಕ ಹೊರಗೆ ಬಂದ ಮೇಲೆ ನಿಶ್ಚಿಂತೆಯಿಂದ ಪರೀಕ್ಷೆ ಮಾಡಬಹುದು. 1990ರ ದಶಕದ ಮಧ್ಯಭಾಗದಿಂದ ಹಾರ್ಡ್ ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತಿವೆ. ಇದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಅದನ್ನು ಓದಲು ವಿಂಡೋಸ್‌ನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ತೆರೆದ ಕೂಡಲೆ ಡಿಸ್ಕ್ ಚೆನ್ನಾಗಿದ್ದರೆ ನೀಲಿ, ಎಚ್ಚರಿಕೆ ಬೇಕಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು ಬಣ್ಣ ಕಾಣುತ್ತದೆ. ಕೆಳಗಿನ ಉದ್ದ ಪಟ್ಟಿಯಲ್ಲಿ ತಟ್ಟೆ ಇರುವ ಡಿಸ್ಕಿಗೆ ನಾಲ್ಕು ಸಾಲು ನೋಡಿದರೆ ಸಾಕು.

ಡಿಸ್ಕಿನ ತಟ್ಟೆಯನ್ನು ಸಣ್ಣ ಸಣ್ಣ ಗದ್ದೆಗಳಾಗಿ ಭಾಗ ಮಾಡಲಾಗಿದೆ ಎಂದುಕೊಳ್ಳಿ.

05 ಎಂಬ ಸಾಲು: ಕೆಟ್ಟುಹೋದ ಗದ್ದೆ ಬಿಟ್ಟು, ಕಾಯ್ದಿರಿಸಿದ ಬೇರೆ ಗದ್ದೆಗೆ ಎಷ್ಟು ಸಲ ಹೋಗಬೇಕಾಯಿತು ಎಂಬ ಲೆಕ್ಕ.

ಸಿ5 ಎಂಬ ಸಾಲು: ಓದಲು ಆಗದೆ, ಇನ್ನೂ ತೀರ್ಮಾನವಾಗದೆ ಉಳಿದ ಗದ್ದೆಗಳು.

ಸಿ6 ಎಂಬ ಸಾಲು: ಓದಿ ಸರಿಪಡಿಸಲು ಆಗಲೇ ಇಲ್ಲದ ಗದ್ದೆಗಳು.

ಈ ಮೂರರ ಕಚ್ಚಾ ಸಂಖ್ಯೆ ಸೊನ್ನೆ ಇರಬೇಕು. ಸೊನ್ನೆಗಿಂತ ಹೆಚ್ಚಿದ್ದರೆ ಸಂಖ್ಯೆ ಬರೆದಿಟ್ಟುಕೊಳ್ಳಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಏರುತ್ತಿದ್ದರೆ ಡಿಸ್ಕ್ ಬದಲಿಸಿ, ಇನ್ನು ಯೋಚನೆ ಬೇಡ. ಸಂಘದ ಲೆಕ್ಕ ಇಡುವ ಯಂತ್ರವಾದರೆ, ಏರದೆ ನಿಂತಿದ್ದರೂ ಬದಲಿಸುವುದೇ ಲೇಸು. ಈ ಪಟ್ಟಿಯಲ್ಲಿ ಅಂಕಿಯ ನಡುವೆ ಅಕ್ಷರಗಳು ಕಂಡರೆ ಗಾಬರಿಯಾಗಬೇಡಿ, ಅದು ಕಂಪ್ಯೂಟರ್ ಸಂಖ್ಯೆ ಬರೆಯುವ ಬೇರೆ ರೀತಿ.

ನಾಲ್ಕನೆಯದು ಸಿ7. ಇದೊಂದೇ ಏರುತ್ತಿದ್ದು ಉಳಿದ ಮೂರು ಸೊನ್ನೆ ಇದ್ದರೆ, ತೊಂದರೆ ಡಿಸ್ಕಿನದಲ್ಲದೆ ಕೇಬಲ್ ಅಥವಾ ಜೋಡಣೆಯದು ಇರಬಹುದು. ಡಿಸ್ಕ್ ಬಿಸಾಡುವ ಮೊದಲು ಅದನ್ನು ಬಿಚ್ಚಿ, ತುದಿ ಸ್ವಚ್ಛ ಮಾಡಿ ಕೂರಿಸಲು ರಿಪೇರಿಯವರಿಗೆ ಹೇಳಿ. ನಮ್ಮ ತೇವದ ಊರಿನಲ್ಲಿ ಇದನ್ನು ಮರೆಯಬಾರದು. ಎಸ್.ಎಸ್.ಡಿ. ಇದ್ದರೆ ಎಷ್ಟು ಪ್ರತಿಶತ ಆಯುಷ್ಯ ಉಳಿದಿದೆ ಎಂಬುದು ಮೇಲೆಯೇ ಕಾಣುವುದು ಸಾಮಾನ್ಯ.

ನೀಲಿ ಬಣ್ಣ ಬಂದರೆ ನಿಶ್ಚಿಂತೆಯೇ?

ಅಲ್ಲ. ಕೆಚ್ಚಲು ಬಾವಿನಲ್ಲಿ ಒಂದು ಬಗೆ ಇದೆ. ಕೆಚ್ಚಲು ಊದಿರುವುದಿಲ್ಲ, ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಸಿ.ಎಂ.ಟಿ. ದ್ರಾವಣ ಹಾಕಿದಾಗಲೇ ಹಾಲು ಲೋಳೆಯಾಗಿ ರೋಗ ಗೊತ್ತಾಗುತ್ತದೆ. ಡಿಸ್ಕಿನ ವಿಷಯದಲ್ಲಿ ಪರೀಕ್ಷೆಯೂ ಕೆಲವು ಸಲ ಕೈಕೊಡುತ್ತದೆ. ಗೂಗಲ್ ಕಂಪನಿಯ ತಂತ್ರಜ್ಞರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಓದುವಾಗ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿದೆ. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಕೆಡುವ ಮೊದಲು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ ಎಂದೂ ಇದೆ.

ಅಂದರೆ ವರದಿ ಕೆಟ್ಟದಿದ್ದರೆ ನಂಬಿ, ತಡಮಾಡಬೇಡಿ. ವರದಿ ಒಳ್ಳೆಯದಿದ್ದರೆ ಸಂತೋಷಪಡಿ, ಆದರೆ ನಕಲು ಮಾಡುವುದನ್ನು ಬಿಡಬೇಡಿ.

ಇವನ್ನು ಮಾಡಬೇಡಿ

• ಡಿಸ್ಕನ್ನು ಬಿಚ್ಚಿ ಒಳಗೆ ನೋಡಬೇಡಿ. ಒಂದು ಧೂಳಿನ ಕಣ ಸಾಕು, ತಟ್ಟೆ ಹಾಳಾಗಲು.

• ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತು ನಂಬಬೇಡಿ. ಲಸಿಕೆ ಇಡುವ ಜಾಗ ಅದು. ತಣ್ಣನೆಯ ಡಿಸ್ಕ್ ನಮ್ಮ ಹವೆಗೆ ಹೊರಬಂದ ಕೂಡಲೆ ಹಾಲಿನ ಪ್ಯಾಕೆಟ್ಟಿನಂತೆ ಬೆವರುತ್ತದೆ.

• ಫಾರ್ಮ್ಯಾಟ್ ಮಾಡಬೇಕೇ ಎಂದು ಯಂತ್ರ ಕೇಳಿದರೆ, ಲೆಕ್ಕ ಹೊರಗೆ ಬರುವವರೆಗೆ ಬೇಡ ಎಂದೇ ಒತ್ತಿ. ಮೊದಲು ವಿಂಡೋಸ್ ಹೊಸದಾಗಿ ಹಾಕೋಣ ಎನ್ನುವವರಿಗೂ ಇದೇ ಉತ್ತರ.

• ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ಸದಸ್ಯೆಯರ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳಿರುತ್ತವೆ. ಡಿಸ್ಕ್ ವಾಪಸ್ ಬೇಕು ಎಂದು ಮೊದಲೇ ಹೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ.

ಸಂಘದಲ್ಲಿ ಇಂದಿನಿಂದಲೇ ಒಂದು ರೂಢಿ

2022ರ ಆಗಸ್ಟ್ ಮೊದಲ ವಾರದ ಭಟ್ಕಳದ ಮಳೆ ನಿಮಗೆ ನೆನಪಿರಬಹುದು. ಒಂದೇ ರಾತ್ರಿಯಲ್ಲಿ ಪೇಟೆಯ ಅಂಗಡಿ, ಮನೆಗಳಿಗೆ ನೀರು ನುಗ್ಗಿತು, ಗುಡ್ಡ ಕುಸಿದು ಜೀವಹಾನಿಯೂ ಆಯಿತು. ಲ್ಯಾಪ್‌ಟಾಪೂ ಪೆನ್ ಡ್ರೈವೂ ಒಂದೇ ಕಪಾಟಿನಲ್ಲಿದ್ದರೆ ಅಂಥ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಶರಾವತಿ, ಅಘನಾಶಿನಿ ದಂಡೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಎರಡು ಪೆನ್ ಡ್ರೈವ್ ಇಡಿ, ಅದಕ್ಕೆ ಬೇರೇನೂ ತುಂಬಬೇಡಿ. ಪ್ರತಿದಿನ ಸಂಜೆ ಹಾಲು ಮುಗಿದ ಮೇಲೆ ಒಂದರಲ್ಲಿ ಬ್ಯಾಕಪ್, ಮರುದಿನ ಇನ್ನೊಂದರಲ್ಲಿ. ಒಂದು ಸಂಘದಲ್ಲಿ, ಇನ್ನೊಂದು ಕಾರ್ಯದರ್ಶಿ ಅಥವಾ ಅಧ್ಯಕ್ಷೆಯ ಮನೆಯಲ್ಲಿ ಎತ್ತರದ ಜಾಗದಲ್ಲಿ. ಪ್ರತಿ ಬಟವಾಡೆಯ ನಂತರ ಒಂದು ನಕಲನ್ನು ಸಂಘದ ಇ-ಮೇಲ್‌ಗೆ ಕಳಿಸಿ, ಅದರ ಪಾಸ್‌ವರ್ಡ್ ಇಬ್ಬರಿಗಾದರೂ ಗೊತ್ತಿರಲಿ. ತಿಂಗಳಿಗೊಮ್ಮೆ ಸ್ಮಾರ್ಟ್ ವರದಿ ನೋಡಿ ಆ ಮೂರು ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಬ್ಯಾಟರಿ ಸತ್ತಿದ್ದರೆ ಬದಲಿಸಿ, ಇಲ್ಲವೇ ಯು.ಪಿ.ಎಸ್. ಹಾಕಿಸಿ. ಲ್ಯಾಪ್‌ಟಾಪನ್ನು ಹಾಲು ತೂಗುವ, ಕ್ಯಾನು ತೊಳೆಯುವ ಜಾಗದಿಂದ ದೂರ, ಅಲುಗದ ಮೇಜಿನ ಮೇಲೆ ಇಡಿ.

ಲ್ಯಾಪ್‌ಟಾಪ್ ಮುಟ್ಟದ ಸದಸ್ಯೆಯರಿಗೂ ಎರಡು ಕೆಲಸವಿದೆ. ಬಟವಾಡೆ ಕೈಗೆ ಬಂದು ಲೆಕ್ಕ ತಾಳೆಯಾಗುವವರೆಗೆ ಚೀಟಿ ಬಿಸಾಡಬೇಡಿ, ಒಂದು ಡಬ್ಬಿಯಲ್ಲಿ ಹಾಕಿಡಿ. ಚೀಟಿಯ ಅಕ್ಷರ ಬೇಗ ಮಾಸುತ್ತಿದ್ದರೆ ಅಂಕಿಯನ್ನು ಪಾಸ್‌ಬುಕ್ಕಿನಲ್ಲೋ ಕ್ಯಾಲೆಂಡರಿನಲ್ಲೋ ಬರೆದುಕೊಳ್ಳಿ. ಎರಡನೆಯದಾಗಿ, ಮುಂದಿನ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: "ನಮ್ಮ ಲೆಕ್ಕದ ಇನ್ನೊಂದು ನಕಲು ಎಲ್ಲಿದೆ?" ಇದು ಕಾರ್ಯದರ್ಶಿಯ ಮೇಲಿನ ಅಪನಂಬಿಕೆಯಲ್ಲ. ಆಕಳಿಗೆ ವಿಮೆ ಮಾಡಿಸುವುದು ಆಕಳು ಸಾಯಲಿ ಎಂದಲ್ಲವಲ್ಲ, ಹಾಗೆಯೇ ಇದು.